ಉತ್ತರ ಗೊತ್ತಿದ್ದವರ ಪ್ರಶ್ನೆಗಳು

ಒಂದು ಭಾನುವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಹಿತ್ತಲಿಗೆ ಬಟ್ಟೆ ಒಣಹಾಕಲು ಹೋಗಿದ್ದವಳು ಅಲ್ಲಿಂದಲೇ ಕೂಗಿ ಹೇಳಿದೆ: "ಒಲಿ ಮ್ಯಾಲೆ ಹಾಲೈತಿ, ನೋಡ್ಕೊಳ್ಳದಿದ್ರ ಅದು ಉಕ್ಕಿ...?" ಹೇಳಿ, ಕೈಯಲ್ಲಿದ್ದ ಒದ್ದೆ ಪಂಚೆಯನ್ನು ಕೊಡವುತ್ತ ಕಾದೆ. ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು "ಬರುತ್ತದೆ" ಎಂದು ರಾಗವಾಗಿ ಮುಗಿಸಿಕೊಡಲಿ ಎಂದು ನಾನು ನಿರೀಕ್ಷಿಸುತ್ತಿದ್ದೆ ಎಂಬ ಸಂಗತಿ ನನಗೇ ಹೊಳೆದದ್ದು ಅವರ ಉತ್ತರ ಕೇಳಿದ ಮೇಲೆ. "ನಾ ಏನು ನಿನ್ನ ಐದನೇ ಕ್ಲಾಸಿನ ಹುಡುಗ ಅಲ್ಲ. ಹಾಲು ಆಗಲೇ ಉಕ್ಕೈತಿ, ಬಂದು ಒರಸು" ಎಂದರು ಅವರು, ಪೇಪರ್ ಕೆಳಗಿಳಿಸದೆ. ಒಲೆ ಆರಿಸಲು ಏಳಬಹುದಾಗಿತ್ತಲ್ಲ ಎಂದು ನಾನು ರೇಗಿದೆ, ಒರೆಸಿದೆ, ಆ ದಿನ ಉಳಿದ ಹಾಲಿನಲ್ಲಿ ಇಬ್ಬರೂ ಅರ್ಧರ್ಧ ಲೋಟ ಕಾಫಿ ಕುಡಿದೆವು.

ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ, ಎಂದರೆ ನಿಮಗೂ, ಈ ಪದ್ಧತಿ ಪರಿಚಿತವೇ. ಮೇಷ್ಟ್ರು ವಾಕ್ಯದ ತಲೆಯನ್ನು ಹೇಳುತ್ತಾರೆ, ಮಕ್ಕಳು ಬಾಲವನ್ನು ಸೇರಿಸುತ್ತಾರೆ. "ಸೂರ್ಯ ಪೂರ್ವದಲ್ಲಿ ಹುಟ್ಟು...?" "ತ್ತಾನೆ!" "ಗಿಡಗಳು ಬೇರಿನಿಂದ ನೀರನ್ನು ಹೀರಿ...?" "ಕೊಳ್ಳುತ್ತವೆ!" ನಲವತ್ತು ಕಂಠಗಳು ಒಂದೇ ಉಸಿರಿನಲ್ಲಿ ಮೊಳಗುವಾಗ ಪಕ್ಕದ ಕೋಣೆಯ ಮಾಸ್ತರರಿಗೆ ಹೊಟ್ಟೆಕಿಚ್ಚಾಗಬೇಕು, ಅಂಥ ಚೈತನ್ಯ. ಇದನ್ನು ಪ್ರಶ್ನೆ ಎಂದು ಕರೆಯುವುದು ನಮ್ಮ ವೃತ್ತಿಯ ಒಂದು ಸೌಜನ್ಯ. ಸೂರ್ಯನನ್ನು ಎಂದೂ ಕಣ್ಣೆತ್ತಿ ನೋಡದ ಮಗುವೂ ಇದಕ್ಕೆ ತಪ್ಪಿಲ್ಲದೆ ಉತ್ತರಿಸಬಲ್ಲದು. ಹಿಂದಿನ ಬೆಂಚಿನಲ್ಲಿ ತೂಕಡಿಸುವ ಮಗುವಂತೂ ಎಲ್ಲರಿಗಿಂತ ಅರ್ಧ ಕ್ಷಣ ತಡವಾಗಿ, ಆದರೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಇಂಥ ಎಷ್ಟು ಸಾವಿರ ಬಾಲಗಳನ್ನು ಕೇಳಿ ತೃಪ್ತಳಾಗಿದ್ದೇನೋ ಲೆಕ್ಕವಿಟ್ಟಿಲ್ಲ.

ನನ್ನ ಮನೆ ಹೊಸಪೇಟೆಯಲ್ಲಿ. ಶಾಲೆ ಸಂಡೂರು ದಾಟಿ, ಯಶವಂತನಗರಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಸಿಗುವ ಒಂದು ಹಳ್ಳಿಯಲ್ಲಿ. ಹೋಗುವಾಗ ಒಂದು ಬಸ್ಸು, ಸಂಡೂರಿನಲ್ಲಿ ಇಳಿದು ಇನ್ನೊಂದು ಬಸ್ಸು, ಅದಿಲ್ಲದ ದಿನ ಯಾವುದೋ ಆಟೋ. ಬೆಳಿಗ್ಗೆ ಬಿಳಿ ಸೀರೆ ಉಟ್ಟು ಹೊರಟರೆ ಸಂಜೆಗೆ ಅದು ಬಿಳಿಯಾಗಿ ಉಳಿಯದೆಂದು ಮೊದಲ ವಾರವೇ ಕಲಿತೆ. ಗುಡ್ಡದ ಮೇಲೆ ಅದಿರಿನ ಗಣಿ, ಊರೆಲ್ಲ ಅದರ ಕೆಂಪು ಧೂಳು. ಮಧ್ಯಾಹ್ನದ ಊಟದ ಹೊತ್ತಿಗೆ ಸೈರನ್ ಕೂಗುತ್ತದೆ, ಸ್ವಲ್ಪ ಹೊತ್ತಿಗೆ ಬಂಡೆ ಸಿಡಿಸುವ ಬ್ಲಾಸ್ಟ್ ಆಗುತ್ತದೆ, ಊರಿನವರು ಮಾತು ನಿಲ್ಲಿಸಿ ಮತ್ತೆ ಮುಂದುವರಿಸುತ್ತಾರೆ. ಈ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ನಾನು ಗಣಿತವನ್ನೂ ಪರಿಸರ ಅಧ್ಯಯನವನ್ನೂ ಕಲಿಸುತ್ತಿದ್ದೇನೆ. ಎರಡನೆಯದನ್ನು ಮಕ್ಕಳು ವಿಜ್ಞಾನ ಎಂದೇ ಕರೆಯುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ.

ಈಚಿನ ಒಂದು ತರಬೇತಿಯಲ್ಲಿ ನಮಗೆಲ್ಲ ವಿಚಿತ್ರವಾದ ಮನೆಗೆಲಸ ಕೊಟ್ಟರು. ನಿಮ್ಮ ಒಂದು ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮನೆಯಲ್ಲಿ ಒಬ್ಬರೇ ಕೂತು ಕೇಳಿ, ನೀವು ಕೇಳಿದ ಪ್ರಶ್ನೆಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ, ಯಾರಿಗೂ ತೋರಿಸಬೇಕಾಗಿಲ್ಲ. ಯಾರಿಗೂ ತೋರಿಸಬೇಕಿಲ್ಲದ ಮನೆಗೆಲಸವನ್ನು ಮಕ್ಕಳು ಏನು ಮಾಡುತ್ತಾರೋ ನಾವು ಮೇಷ್ಟ್ರುಗಳೂ ಅದನ್ನೇ ಮಾಡುತ್ತೇವೆ. ನಾನು ಧ್ವನಿಯ ಪಾಠವನ್ನು ರೆಕಾರ್ಡೇನೋ ಮಾಡಿದೆ, ಕೇಳುವುದನ್ನು ಮುಂದೂಡಿದೆ. ಹಾಗೆ ಎರಡು ತಿಂಗಳು ಕಳೆಯಿತು.

ಆ ಎರಡು ತಿಂಗಳ ಕೊನೆಗೆ ಹೆಡ್ ಮಾಸ್ತರರು ಒಂದು ಪಟ್ಟಿ ಕೇಳಿದರು. ವಸತಿ ಶಾಲೆಯ ಆರನೆಯ ತರಗತಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ಐದನೆಯ ತರಗತಿಯಲ್ಲಿ ಯಾರನ್ನು ಅದಕ್ಕೆ ಕೂರಿಸೋಣ, ಯಾರಿಗೆ ಸಂಜೆ ಹೆಚ್ಚಿನ ಪಾಠ ಮಾಡೋಣ ಎಂಬುದನ್ನು ತರಗತಿಯ ಶಿಕ್ಷಕಿ ಹೇಳಬೇಕು. ಅರ್ಜಿ ಯಾರು ಬೇಕಾದರೂ ಹಾಕಬಹುದು ಎಂಬುದು ನಿಯಮ. ಟೀಚರ್ ಹೆಸರು ಬರೆದ ಮಗು ಮಾತ್ರ ಅರ್ಜಿ ಹಾಕುತ್ತದೆ ಎಂಬುದು ನಮ್ಮ ಊರಿನ ರೂಢಿ. ಅವಕಾಶ ಒಂದೇ ವರ್ಷ, ಒಂದೇ ಸಲ. ನಾನು ಎಂಟು ಹೆಸರು ಬರೆದೆ.

ಮಾರನೆಯ ದಿನ ಬಿಸಿಯೂಟದ ಅಡುಗೆ ಮಾಡುವ ಗಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ನಿಂತಳು. ಅವಳ ಮಗಳು ಹುಲಿಗೆಮ್ಮ ನನ್ನ ತರಗತಿಯಲ್ಲೇ, ಕಿಟಕಿಯ ಪಕ್ಕ ಮೂರನೆಯ ಸಾಲಿನಲ್ಲಿ ಕೂರುವ ಹುಡುಗಿ.

"ಟೀಚರ್, ನಮ್ಮ ಹುಲಿಗೆಮ್ಮನ ಹೆಸರು ಬರದೀರೇನ್ರಿ?"

"ಇಲ್ಲ ಗಂಗಮ್ಮ. ಪ್ರಶ್ನಿ ಕೇಳಿದ್ರ ಬಾಯೇ ಬಿಡಂಗಿಲ್ಲ. ಅಂಥಾ ಹುಡುಗಿ ಪರೀಕ್ಷಾಕ್ಕ ಹೋಗಿ ಏನು ಮಾಡತಾಳ?"

"ಬಾಯಿ ಬಿಡಂಗಿಲ್ಲಾ?" ಗಂಗಮ್ಮ ನಿಜವಾಗಿಯೇ ಬೆರಗಾದಳು. "ಮನ್ಯಾಗ ಮುಚ್ಚಿದ್ರ ಸಾಕಂತೀನಿ ನಾನು. ಸಾಲ್ಯಾಗ ಟೀಚರ್ ಏನು ಕೇಳಿದ್ರು ಅಂತ ಒಮ್ಮೆ ಕೇಳಿದ್ನಿರಿ. ಟೀಚರ್‌ಗೆ ಎಲ್ಲಾ ಗೊತ್ತೈತಿ, ಗೊತ್ತಿದ್ದದ್ದನ್ನ ಯಾಕ ಕೇಳ್ತಾರ ಅಂತಾಳ. ಹುಚ್ಚು ಹುಡುಗಿ."

ಇಬ್ಬರೂ ನಕ್ಕೆವು. ಅವಳು ಸಾಂಬಾರು ತಿರುವಲು ಹೋದಳು, ನಾನು ಹಾಜರಿ ಪುಸ್ತಕ ತೆರೆದೆ. ಪಟ್ಟಿಯಲ್ಲಿ ಎಂಟು ಹೆಸರು ಹಾಗೆಯೇ ಉಳಿಯಿತು.

ಹಾಲು ಉಕ್ಕಿದ ಭಾನುವಾರ ಬಂದದ್ದು ಅದಾದ ಮೂರನೆಯ ದಿನ. ಯಜಮಾನರ ಮಾತು ಸ್ವಲ್ಪ ಚುಚ್ಚಿದ್ದರಿಂದಲೋ, ತರಬೇತಿಯವರು ನೆನಪಿಸಿ ಮೆಸೇಜು ಕಳಿಸಿದ್ದರಿಂದಲೋ, ಮಧ್ಯಾಹ್ನ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ, ಫೋನನ್ನು ಪಕ್ಕಕ್ಕಿಟ್ಟು ನನ್ನ ಪಾಠವನ್ನು ನಾನೇ ಕೇಳತೊಡಗಿದೆ. ತನ್ನ ದನಿಯನ್ನು ತಾನೇ ಕೇಳುವುದು ಯಾರಿಗೂ ಹಿತವಲ್ಲ. ನನಗೆ ನನ್ನ ಅತ್ತೆಯವರ ದನಿ ಕೇಳಿದಂತಾಯಿತು. ಪ್ರಶ್ನೆಗಳನ್ನು ಬರೆಯುತ್ತ ಹೋದೆ. ಹಾಳೆ ತುಂಬಿತು, ಹಿಂಬದಿಯೂ ತುಂಬಿತು. ಬಹುಪಾಲು ಬಾಲ ಸೇರಿಸುವವು. ಕೆಲವು "ಅರ್ಥ ಆಯ್ತಾ?" ಎಂಬವು; ಅದಕ್ಕೆ "ಆಯ್ತ್ರೀ" ಎಂಬುದಲ್ಲದೆ ಬೇರೆ ಉತ್ತರ ಕೊಟ್ಟ ಮಗುವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಇನ್ನು ಕೆಲವು ನಿಜವಾಗಿಯೂ ಪ್ರಶ್ನೆಗಳೇ, ಆದರೆ ಕೇಳಿದವಳೂ ನಾನು, ಒಂದು ಗುಟುಕು ಉಗುಳು ನುಂಗುವಷ್ಟು ಹೊತ್ತು ತಡೆದು ಉತ್ತರಿಸಿದವಳೂ ನಾನು. ಇಷ್ಟು ಅವಸರ ನನಗೆ ಯಾಕಿತ್ತು? ಬಸ್ಸಂತೂ ಸಂಜೆ ಐದಕ್ಕೆ ಮುಂಚೆ ಬರುವುದಿಲ್ಲ.

ಹಾಗೆ ಕೇಳುತ್ತಿರುವಾಗ, ಮಿಂಚು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ ಎಂಬುದನ್ನು ಎಲ್ಲರಿಂದ ಹಾಡಿಸಿ ಮುಗಿಸಿದ ನನ್ನ ದನಿ, ಹೆಮ್ಮೆಯಿಂದ ಸ್ವಲ್ಪ ಏರಿ, ಊರಿಗೆ ಹತ್ತಿರವಾದ ಒಂದು ಪ್ರಶ್ನೆ ಕೇಳಿತು: "ನಮ್ಮ ಗುಡ್ಡದ ಮೇಲೆ ಬ್ಲಾಸ್ಟ್ ಆಗ್ತದಲ್ಲ, ಆಗ ಮೊದಲು ಏನು ಗೊತ್ತಾಗ್ತದೆ?" ನನ್ನ ಕೈಯಲ್ಲಿದ್ದ ಉತ್ತರ, ಮೊದಲು ಧೂಳು ಕಾಣುತ್ತದೆ, ಆಮೇಲೆ ಸದ್ದು ಕೇಳುತ್ತದೆ ಎಂಬುದು. "ಧೂಳಾ!" ಎಂದಿತು ತರಗತಿ. ಅದರ ನಡುವೆ ಒಂದು ಸಣ್ಣ ದನಿ: "ಕೊಡದಾಗಿನ ನೀರು ರೀ."

"ಏನಂದಿ?"

"ಮೊದಲು ಕೊಡದಾಗಿನ ನೀರು ಅಳ್ಳಾಡತೈತ್ರಿ. ನೆಲದ ಮ್ಯಾಲೆ ಕುಂತ್ರ ಕಾಲಿಗೆ ಗೊತ್ತಾಗತೈತಿ. ಆಮ್ಯಾಲೆ ಢಮ್ ಅಂತೈತಿ."

"ಕಾಲಿಗೂ ಕಿವಿ ಬಂದಾವೇನವ್ವ ನಿನಗ? ಕುಂದ್ರು."

ಫೋನಿನಿಂದ ಇಡೀ ತರಗತಿ ನಕ್ಕಿತು. ನಗುವಿನಲ್ಲಿ ನನ್ನದೂ ಇತ್ತು, ಸ್ಪಷ್ಟವಾಗಿ. ಆಮೇಲೆ ನಾನು ಬೋರ್ಡಿಗೆ ತಿರುಗಿ ಬರೆದ ಸೀಮೆಸುಣ್ಣದ ಸದ್ದು. ಪಾಠ ಮುಗಿಯುವವರೆಗೂ ಆ ಸಣ್ಣ ದನಿ, ಹುಲಿಗೆಮ್ಮನ ದನಿ, ಮತ್ತೆ ಬರಲಿಲ್ಲ. ಆ ದಿನದಿಂದ ಈಚೆಗೆ ತರಗತಿಯಲ್ಲಿ ಅವಳ ದನಿಯನ್ನು ಕೇಳಿದ ನೆನಪೂ ನನಗೆ ಬರಲಿಲ್ಲ. ನನಗೆ ನೆನಪಿದ್ದದ್ದು ಅವಳ ಪ್ರಗತಿಪತ್ರದಲ್ಲಿ ನಾನೇ ದುಂಡಗೆ ಬರೆದ ಸಾಲು: ಪ್ರಶ್ನೆಗಳಿಗೆ ಸ್ಪಂದಿಸುವುದಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದೆ. ನಾಚಿಕೆಯಾಗಿತ್ತು, ಅದಕ್ಕೆ ಬೇರೆ ಹೆಸರು ಹುಡುಕಲು ಹೋಗುವುದಿಲ್ಲ.

ಕಪಾಟಿನಿಂದ ಪ್ರೌಢಶಾಲೆಯ ಒಂದು ವಿಜ್ಞಾನದ ಪುಸ್ತಕ ತೆಗೆದೆ. ಧ್ವನಿ ಗಾಳಿಯಲ್ಲಿ ಚಲಿಸುವುದಕ್ಕಿಂತ ಘನವಸ್ತುಗಳಲ್ಲಿ ಬಹಳ ವೇಗವಾಗಿ ಚಲಿಸುತ್ತದೆ ಎಂದು ಅಲ್ಲಿತ್ತು. ನನಗೆ ಅದು ಗೊತ್ತಿಲ್ಲದ್ದೇನಲ್ಲ. ಪರೀಕ್ಷೆಗೆ ಬರೆದು ಅಂಕ ಪಡೆದಿದ್ದೆ. ಬಂಡೆ ಸಿಡಿದ ಕಂಪನ ನೆಲದೊಳಗಿನಿಂದ ಓಡಿ ಬಂದು ಕೊಡದ ನೀರನ್ನು ಮುಟ್ಟಿದ ಮೇಲೂ ಅದೇ ಸಿಡಿತದ ಸದ್ದು ಗಾಳಿಯಲ್ಲಿ ಇನ್ನೂ ದಾರಿಯಲ್ಲೇ ಇರುತ್ತದೆ. ಪುಸ್ತಕದ ಮುಂದಿನ ಪಾಠಕ್ಕೆ ಹತ್ತು ವರ್ಷದ ಹುಡುಗಿ ತಾನೇ ನಡೆದು ಹೋಗಿದ್ದಳು, ನಾನು ಅವಳನ್ನು ಹಿಂದಕ್ಕೆ ಕರೆದು ಕೂರಿಸಿದ್ದೆ.

ಗೊತ್ತಿದ್ದದ್ದನ್ನ ಯಾಕ ಕೇಳ್ತಾರ? ಗಂಗಮ್ಮ ನಗುತ್ತ ಹೇಳಿದ ಆ ಮಾತು ಆಗ ತಿರುಗಿ ಬಂದಿತು. ಯೋಚಿಸಿ ನೋಡಿ, ಸ್ನೇಹಿತರೇ. ಬದುಕಿನಲ್ಲಿ ನಾವು ಗೊತ್ತಿಲ್ಲದ್ದನ್ನು ಕೇಳುತ್ತೇವೆ. ನಲ್ಲಿಯಲ್ಲಿ ನೀರು ಬಂತೇ, ಕಂಪ್ಲಿ ಬಸ್ಸು ಹೋಯಿತೇ, ಜ್ವರ ಇಳಿಯಿತೇ? ಕೇಳಿದವರ ಮುಖದಲ್ಲಿ ಉತ್ತರದ ಅಗತ್ಯ ಕಾಣುತ್ತದೆ, ಆದ್ದರಿಂದ ಕೇಳಿಸಿಕೊಂಡವರು ಉತ್ತರಿಸುತ್ತಾರೆ. ಉತ್ತರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪ್ರಶ್ನೆ ಕೇಳುವವರು ಪೊಲೀಸರು ಮತ್ತು ನಾವು. ಪೊಲೀಸರಾದರೂ ಕೆಲವು ಸಲ ಗೊತ್ತಿಲ್ಲದೆ ಕೇಳುತ್ತಾರಂತೆ. ಮನೆಯಲ್ಲಿ ದಿನವಿಡೀ ನಿಜವಾದ ಪ್ರಶ್ನೆಗಳಿಗೆ ಉತ್ತರ ಕೊಡುವ ಮಗು ಶಾಲೆಗೆ ಬಂದೊಡನೆ ಈ ವಿಲಕ್ಷಣ ಆಟದ ನಿಯಮವನ್ನು ಅರ್ಥ ಮಾಡಿಕೊಳ್ಳಬೇಕು: ಇಲ್ಲಿ ನಿನಗೆ ಏನು ಗೊತ್ತು ಎಂಬುದು ಯಾರಿಗೂ ಬೇಡ, ಟೀಚರ್ ಏನು ನೆನೆಸಿಕೊಂಡಿದ್ದಾರೆ ಎಂಬುದನ್ನು ಊಹಿಸು. ಚುರುಕಾದ ಮಕ್ಕಳು ಬೇಗ ಕಲಿಯುತ್ತಾರೆ. ನಾನು ಅವರನ್ನು ಜಾಣರ ಪಟ್ಟಿಗೆ ಸೇರಿಸುತ್ತೇನೆ.

ಒಮ್ಮೆ ಮಕ್ಕಳನ್ನು ಹಂಪಿಗೆ ಕರೆದೊಯ್ದಿದ್ದೆ. ದೊಡ್ಡ ಗುಡಿಯ ಒಳಗಿನ ಕತ್ತಲ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ಹೊರಗಿನ ಗೋಪುರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ನೀವೂ ನೋಡಿರಬಹುದು. ಮಕ್ಕಳು ಒಳಗೆ ಕಾಲಿಡುವ ಮೊದಲೇ ಗೈಡು ಕಾರಣವನ್ನು ಹೇಳಿಬಿಟ್ಟ. ಅವನು ಬಿಟ್ಟದ್ದನ್ನು ನಾನು ಸೇರಿಸಿದೆ. ಮಕ್ಕಳು ವಿಧೇಯತೆಯಿಂದ ನೋಡಿ, ವಿಧೇಯತೆಯಿಂದ ಹೊರಬಂದು, ಕಬ್ಬಿನ ಹಾಲಿನ ಗಾಡಿಯ ಕಡೆ ಓಡಿದರು. ಏನು ಕಾಣುತ್ತದೆ ಎಂದು ಕೇಳಿ ಸುಮ್ಮನೆ ನಿಂತಿದ್ದರೆ? ಏಕೆ ಎಂಬ ಪ್ರಶ್ನೆಗೆ ಮಕ್ಕಳು ಹೆದರುತ್ತಾರೆ, ಅದರಲ್ಲಿ ಸರಿ ತಪ್ಪುಗಳಿವೆ. ಏನು ಕಂಡೆ ಎಂಬುದಕ್ಕೆ ಯಾರೂ ಹೆದರಬೇಕಾಗಿಲ್ಲ, ಕಂಡದ್ದು ಕಂಡವರದ್ದು. ಅದನ್ನು ಮೊದಲು ಕೇಳಿದರೆ ಏಕೆ ಎಂಬುದನ್ನು ಮಕ್ಕಳೇ ಕೇಳುತ್ತಾರೆಂದು ತರಬೇತಿಯಲ್ಲಿ ಹೇಳಿದ್ದರು. ನಾನು ಟಿಪ್ಪಣಿ ಮಾಡಿಕೊಂಡಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಸೋಮವಾರ ತರಗತಿಗೆ ಹೋದೆ. ಪಟ್ಟಿ ಹೆಡ್ ಮಾಸ್ತರರ ಮೇಜಿನ ಮೇಲಿತ್ತು, ಸಂಜೆ ಅರ್ಜಿ ತುಂಬುವವರಿದ್ದರು. ಧ್ವನಿಯ ಪಾಠದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ಹುಲಿಗೆಮ್ಮ ಹೇಳಿದ್ದು ಸರಿಯಿತ್ತು ಎಂದು ಎಲ್ಲರೆದುರು ಹೇಳಿದೆ. ಮಕ್ಕಳು ಅಪನಂಬಿಕೆಯಿಂದ ನೋಡಿದರು. ಆಮೇಲೆ ಅವಳನ್ನೇ ಕೇಳಿದೆ: "ನೀರು ಅಳ್ಳಾಡೋದನ್ನ ನೀ ಹೆಂಗ ನೋಡಿದಿ ಹುಲಿಗೆಮ್ಮ?"

ಅವಳು ಎದ್ದು ನಿಂತು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. ನಾನು ಕಾದೆ. ಕಾಯುವುದೆಂದರೆ ಏನೂ ಮಾಡದಿರುವುದು ಎಂದು ತಿಳಿದಿದ್ದೆ. ಅಷ್ಟು ದಣಿವಿನ ಕೆಲಸವನ್ನು ನಾನು ಈಚೆಗೆ ಮಾಡಿರಲಿಲ್ಲ. ಹೊರಗೆ ಎರಡು ಲಾರಿ ಹೋದವು. ಮುಂದಿನ ಬೆಂಚಿನವರು "ನಾ ಹೇಳ್ತೀನ್ರಿ, ನಾ ಹೇಳ್ತೀನ್ರಿ" ಎಂದು ಏಳುತ್ತಿದ್ದರು. ಅರ್ಧ ವಾಕ್ಯವೊಂದು ನನ್ನ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತ್ತು, ಅದನ್ನು ನುಂಗಿದೆ. ಕೊನೆಗೆ ಹುಲಿಗೆಮ್ಮ ತಲೆಯೆತ್ತಿದಳು.

"ನಿಮಗ ಗೊತ್ತಿಲ್ಲೇನ್ರಿ ಟೀಚರ್?"

"ಇಲ್ಲವ್ವ. ಹನ್ನೊಂದು ವರ್ಷ ಆತು ಬಂದು, ನಾ ಒಂದು ದಿನಾನೂ ನೋಡಿಲ್ಲ."

ಅವಳು ನನ್ನ ಮುಖವನ್ನು ಪರೀಕ್ಷಿಸಿದಳು. ಆಮೇಲೆ ಹೇಳಿದಳು. "ಸೂಟಿ ಇದ್ದ ದಿನ ನಾ ತಂಗಿನ್ನ ಆಡಸ್ಕೊಂತ ಮನ್ಯಾಗಿರತೀನ್ರಿ. ನಮ್ಮನಿಂದ ಗುಡ್ಡ ಕಾಣಂಗಿಲ್ಲ, ಎದುರಿಗೆ ಗ್ವಾಡಿ ಐತಿ. ಢಮ್ ಅಂದ್ರ ತಂಗಿ ಭಾಳ ಅಂಜತಾಳ. ಅದಕ್ಕ ಸೈರನ್ ಆದ ಕೂಡ್ಲೆ ಕೊಡ ನೋಡ್ಕೊಂತ ಕುಂದಿರತೀನಿ. ನೀರು ಅಳ್ಳಾಡಿತಂದ್ರ ಜಲ್ದಿ ಅಕಿ ಕಿವಿ ಮುಚ್ಚತೀನಿ. ಆಮ್ಯಾಲೆ ಬರ್ತೈತ್ರಿ ಸದ್ದು. ಪ್ರತಿ ಸಲಾನೂ ಹಂಗ. ಒಂದು ಸಲಾನೂ ತಪ್ಪಿಲ್ಲ."

ಯಾರೂ ನಗಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ, ಸೀಮೆಸುಣ್ಣದ ಪುಡಿ ಬಿತ್ತೆಂದು ಹೇಳಿದೆ.

ಅಂದು ಊಟದ ಹೊತ್ತಿಗೆ ಶಾಲೆಯ ಜಗುಲಿಯ ಮೇಲೆ ಮಕ್ಕಳೆಲ್ಲ ತಟ್ಟೆಗಳಲ್ಲಿ ನೀರು ಹಾಕಿಕೊಂಡು, ಪಾತ್ರೆಯಲ್ಲಿ ಅನ್ನ ಆರುತ್ತಿದ್ದರೂ ಲೆಕ್ಕಿಸದೆ, ಬಗ್ಗಿ ಕೂತರು. ಗಂಗಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. ಸೈರನ್ ಕೂಗಿತು. ಮಕ್ಕಳು ಮೂಗು ನೀರಿಗೆ ತಾಗುವಷ್ಟು ಬಗ್ಗಿದರು. ತಟ್ಟೆಯ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದವು. "ಬಂತು!" ಎಂದು ಯಾರೋ ಪಿಸುಗುಟ್ಟಿದರು, ಮಕ್ಕಳು ಎಣಿಸತೊಡಗಿದರು, ಒಂದು, ಎರಡು, ಮೂರು, ನಾಲ್ಕು, ಮತ್ತು ಐದಕ್ಕೆ ಬಾಯಿ ತೆರೆಯುವಾಗ ಗುಡ್ಡ ಢಮ್ ಎಂದಿತು. ಊಟ ಬಿಟ್ಟು ಪ್ರಶ್ನೆಗಳು ಸುರಿದವು. ನೆಲದಾಗ ಜೋರು ಓಡತೈತೇನ್ರಿ? ಮರದಾಗ? ಕೆರಿ ನೀರಾಗ? ನಾವು ದೂರ ಹೋಗಿ ಕುಂತ್ರ ಎಂಟರ ತನಕ ಎಣಿಸಬೌದೇನ್ರಿ? ಅರ್ಧದಷ್ಟಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಯಾರಿಗೂ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಸಂಜೆ ಹೆಡ್ ಮಾಸ್ತರರ ಕೋಣೆಗೆ ಹೋಗಿ ಒಂಬತ್ತನೆಯ ಹೆಸರು ಸೇರಿಸಬೇಕೆಂದೆ. ಅವರು ಪ್ರಗತಿಪತ್ರ ತೆಗೆದು ನನ್ನದೇ ಅಕ್ಷರಗಳ ಮೇಲೆ ಬೆರಳಿಟ್ಟರು.

"ನೀವೇ ಬರದೀರಲ್ರಿ ಮೇಡಂ, ಸ್ಪಂದಿಸಂಗಿಲ್ಲ ಅಂತ. ಈ ಹುಡುಗಿ ಪಾಸಾಗತಾಳೇನ್ರಿ?"

"ಗೊತ್ತಿಲ್ಲ ಸರ್. ಇಷ್ಟು ದಿನ ನಾ ಅಕಿನ್ನ ಏನೂ ಕೇಳಿಲ್ಲ."

ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು, ಹೆಸರನ್ನಂತೂ ಬರೆದುಕೊಂಡರು. ಸಂಜೆಯ ಪಾಠಗಳಲ್ಲಿ ನಾನು ಹುಲಿಗೆಮ್ಮನಿಗೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಯಿತು: ಆ ಪ್ರಶ್ನೆಪತ್ರಿಕೆ ತಯಾರಿಸಿದವರಿಗೆ ಉತ್ತರಗಳು ಮೊದಲೇ ಗೊತ್ತಿವೆ, ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಅವರ ಉತ್ತರ ಯಾವುದೋ ಅದಕ್ಕೆ ಗುರುತು ಹಾಕಿ ಬಾ. ಅವಳು ಒಪ್ಪಿದಳು, ನಮ್ಮ ಮೇಲೆ ಕನಿಕರಪಟ್ಟವಳಂತೆ. ಬೇಸಿಗೆ ರಜೆಗೆ ಮುಂಚೆ ಕಂಪ್ಲಿಯ ಕಡೆಯ ಒಂದು ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಗಂಗಮ್ಮ ಆ ದಿನ ಮಕ್ಕಳಿಗೆಲ್ಲ ತನ್ನ ಮನೆಯಿಂದ ಬೆಲ್ಲದ ಪಾಯಸ ಮಾಡಿ ತಂದಳು, ಬಡಿಸುತ್ತ ಅತ್ತಳು.

ಈಗ ಹುಲಿಗೆಮ್ಮ ಅಲ್ಲಿ ಆರನೆಯ ತರಗತಿ. ಮೊನ್ನೆ ಒಂದು ಭಾನುವಾರ ವಾರ್ಡನ್ನರ ಫೋನಿನಿಂದ ನನಗೆ ಕರೆ ಮಾಡಿದ್ದಳು. ಊಟ ಚೆನ್ನಾಗಿದೆ, ಗದ್ದೆಗಳು ಹಸಿರಾಗಿವೆ, ಬ್ಲಾಸ್ಟ್ ಇಲ್ಲದ್ದಕ್ಕೆ ಮಧ್ಯಾಹ್ನ ಆದದ್ದೇ ತಿಳಿಯುವುದಿಲ್ಲ ಎಂದೆಲ್ಲ ಹೇಳಿದ ಮೇಲೆ ಕೇಳಿದಳು:

"ಟೀಚರ್, ಇಲ್ಲಿ ಸರ್ ಪ್ರಶ್ನಿ ಕೇಳ್ತಾರ, ತಾವೇ ಉತ್ರ ಹೇಳಿಬಿಡ್ತಾರ್ರಿ. ನಾ ಎತ್ತಿದ ಕೈ ಇಳಸಂಗಿಲ್ಲ. ಹಂಗ ಎತ್ತಿ ಹಿಡ್ಕೊಂಡು ಕುಂದಿರತೀನಿ. ಹುಡುಗ್ಯಾರು ನಗ್ತಾರ. ನಾ ಮಾಡೋದು ತಪ್ಪೇನ್ರಿ?"

ಏನು ಹೇಳಲಿ? ಇಳಿಸು ಎಂದರೆ ಅವಳಿಗೆ ಆ ಶಾಲೆಯಲ್ಲಿ ದಿನಗಳು ಸುಲಭವಾಗುತ್ತವೆ. ಇಳಿಸಬೇಡ ಎಂದರೆ ನಗೆಪಾಟಲಾಗುವವಳು ಅವಳು, ನಾನಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೆ. ಆ ಕಡೆ ಯಾವುದೋ ಗಂಟೆ ಬಾರಿಸಿತು, ಮಕ್ಕಳು ಓಡುವ ಸದ್ದು ಕೇಳಿಸಿತು, ವಾರ್ಡನ್ ಅವಳ ಹೆಸರು ಹಿಡಿದು ಕರೆದರು. ಹುಲಿಗೆಮ್ಮ ಅವಸರ ಮಾಡಲಿಲ್ಲ. ನಾನು ಹೇಳುವವರೆಗೂ ಕಾದಳು.